ನೂರ ಹದಿನೆಂಟು ಮನೆಗಳ ಬೀಜ

ಗದ್ದೆಯ ವಿಷಯದಲ್ಲಿ ಬರ್ತಾಳಿಗೆ ಬುದ್ಧಿ ಹೇಳುವ ಧೈರ್ಯ ಕಾಪುವಿನ ಸುತ್ತಮುತ್ತ ಯಾರಿಗೂ ಇರಲಿಲ್ಲ. ಹಾಗೆ ಹೇಳಲು ಬಂದ ಅಧಿಕಾರಿಯೊಬ್ಬರು ಒಂದು ಲೋಟ ಮಜ್ಜಿಗೆ ಕುಡಿದು, ತಾವೇ ನಾಲ್ಕು ಮಾತು ಕಲಿತು ಹೋದದ್ದುಂಟು. ಅಂಥವಳ ಕೈಯಿಂದಲೇ ಆ ತಪ್ಪು ನಡೆಯಿತು. ಅದು ದಡ್ಡರು ಮಾಡುವ ತಪ್ಪಲ್ಲ. ದಡ್ಡರಿಗೆ ಅಷ್ಟು ಭಕ್ತಿಯೂ ಇರುವುದಿಲ್ಲ, ಅಷ್ಟು ಒಳ್ಳೆಯ ಫಸಲೂ ಬರುವುದಿಲ್ಲ.

ಬರ್ತಾಳ ಮನೆ ಕಾಪುವಿನಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ, ತೋಡಿನ ಬದಿಗೆ. ಗಂಡ ಲಿಯೋನೆಲ್ ಇಪ್ಪತ್ತಾರು ವರ್ಷ ಕುವೈತಿನಲ್ಲಿ ಏಸಿ ರಿಪೇರಿ ಮಾಡಿ ಬಂದವನು. ಈಗ ಸ್ವಂತ ಮನೆಯಲ್ಲಿ ಏಸಿ ಹಾಕಿಸಲು ಒಪ್ಪದೆ ಬೀಸಣಿಗೆ ಹಿಡಿದು ಜಗಲಿಯಲ್ಲಿ ಕೂರುತ್ತಾನೆ. ಗದ್ದೆ ಹೆಂಡತಿಯದು, ಅಭಿಪ್ರಾಯ ಮಾತ್ರ ತನ್ನದು ಎಂಬುದು ಅವನ ಸಿದ್ಧಾಂತ. ಬರ್ತಾ ಮದುವೆಯಾಗಿ ಬರುವಾಗ ಕಾರ್ಕಳದ ತವರಿನಿಂದ ಬಟ್ಟೆಯ ಗಂಟಿನಲ್ಲಿ ಒಂದಷ್ಟು ಕೆಂಪು ಭತ್ತ ತಂದಿದ್ದಳು. ಅದಕ್ಕೆ ಹೆಸರಿಲ್ಲ, ಮನೆಯಲ್ಲಿ ‘ಕಾರ್ಕಳದ್ದು’ ಎಂದೇ ಕರೆಯುವುದು. ಇಳುವರಿ ಅಷ್ಟಕ್ಕಷ್ಟೆ. ಆದರೂ ಮೂವತ್ತೈದು ವರ್ಷಗಳಿಂದ ಗದ್ದೆಯ ಒಂದು ಮೂಲೆಯನ್ನು ಅದಕ್ಕೆ ಬಿಟ್ಟುಕೊಟ್ಟಿದ್ದಳು. ಏಕೆ ಎಂದು ಕೇಳಿದರೆ ಗಂಜಿ ರುಚಿ ಎನ್ನುತ್ತಿದ್ದಳು. ನಿಜವಾದ ಕಾರಣ ಬೇರೆಯೇ ಇದ್ದಿರಬಹುದು. ಹೆಂಗಸರು ತವರಿನ ವಿಷಯದಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಹೆಸರಿಲ್ಲದ ಭತ್ತವನ್ನು ಹುಡುಕಿಕೊಂಡು ಬಂದವಳು ಆಶ್ರಿತಾ. ಅಂಬಲಪಾಡಿಯ ಹುಡುಗಿ. ಗಿಡಗಳು ಸೆಕೆಯನ್ನು ಹೇಗೆ ತಾಳಿಕೊಳ್ಳುತ್ತವೆ ಎಂಬುದರ ಮೇಲೆ ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹಳೆಯ ತಳಿ ಎಲ್ಲಿ ಸಿಕ್ಕೀತು ಎಂದು ಸ್ಕೂಟರಿನಲ್ಲಿ ಊರೂರು ಸುತ್ತುತ್ತ ಒಂದು ದಿನ ಬರ್ತಾಳ ಅಂಗಳಕ್ಕೆ ಬಂದಳು. ಮೊದಲ ಸಲ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದಳು. ಮೂರನೆಯ ಸಲಕ್ಕೆ ಬರ್ತಾಳನ್ನು ಊರಿನವರಂತೆ ‘ಬಾಯಿ’ ಎಂದು ಕರೆಯುತ್ತ ಅಡುಗೆಮನೆಯ ಬಾಗಿಲಿನಿಂದಲೇ ಒಳಗೆ ಬರತೊಡಗಿದಳು.

ಆ ವರ್ಷದ ಬೇಸಿಗೆಯನ್ನು ಕರಾವಳಿಯ ಯಾರೂ ಮರೆತಿರಲಾರರು. ಬೆಳಿಗ್ಗೆ ಒಂಬತ್ತಕ್ಕೇ ಅಂಗಿ ಬೆನ್ನಿಗೆ ಅಂಟುತ್ತಿತ್ತು. ತೋಡಿನಲ್ಲಿ ನೀರಿದ್ದುದರಿಂದ ಬರ್ತಾ ಕೊಳಕೆ, ಅಂದರೆ ಬೇಸಿಗೆಯ ಮೂರನೆಯ ಬೆಳೆ, ಹಾಕಿದ್ದಳು. ಮಾರ್ಚ್ ತಿಂಗಳಲ್ಲಿ ಭತ್ತ ಹೂ ಬಿಡುವ ವಾರಕ್ಕೇ ಸರಿಯಾಗಿ ಮೂವತ್ತೆಂಟು ಡಿಗ್ರಿ ಬಂತು. ಭತ್ತದ ಹೂವಿಗೆ ಆಯುಸ್ಸು ಒಂದೆರಡು ಗಂಟೆ. ಆ ಹೊತ್ತಿನಲ್ಲಿ ಪರಾಗ ಬೆಂದುಹೋದರೆ ಕಾಳು ಕಟ್ಟುವುದಿಲ್ಲ, ಹೊಟ್ಟು ಮಾತ್ರ ನೆಟ್ಟಗೆ ನಿಲ್ಲುತ್ತದೆ. ಕೊಯ್ಲಿನ ದಿನ ಬರ್ತಾ ಒಂದು ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಊದಿದಳು, ಎಲ್ಲ ಹಾರಿಹೋಯಿತು. ಇಡೀ ಗದ್ದೆ ಜಳ್ಳು. ಕಾರ್ಕಳದ ಮೂಲೆಯೂ ಜಳ್ಳು, ಏಳು ಗಿಡಗಳನ್ನು ಬಿಟ್ಟು.

ಆ ಏಳು ಗಿಡಗಳ ಗುಟ್ಟು ಬರ್ತಾಳಿಗೆ ಗೊತ್ತಿತ್ತು. ಉಳಿದ ಭತ್ತ ಹತ್ತು ಗಂಟೆಗೆ ಹೂ ಬಿಚ್ಚಿದರೆ ಇವು ದನಕ್ಕೆ ಹುಲ್ಲು ತರುವ ಹೊತ್ತಿಗೇ, ಏಳು ಗಂಟೆಯೊಳಗೆ, ಬಿಚ್ಚಿ ಮುಚ್ಚಿಕೊಳ್ಳುತ್ತಿದ್ದವು. ಅದನ್ನು ಕೇಳಿದ ಆಶ್ರಿತಾ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ಮೂರು ವರ್ಷದಿಂದ ಇದನ್ನೇ ಹುಡುಕುತ್ತಿದ್ದೇನೆ ಎಂದಳು. ಲಿಯೋನೆಲನಿಗೆ ಮಾತ್ರ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಕುವೈತಿನಲ್ಲಿ ಜುಲೈ ತಿಂಗಳು ಕಂಪೆನಿಯವರು ನಸುಕಿನ ನಾಲ್ಕಕ್ಕೆ ಕೆಲಸ ಶುರುಮಾಡಿ ಹನ್ನೊಂದಕ್ಕೆ ನಿಲ್ಲಿಸುತ್ತಾರೆ, ಈ ಭತ್ತಕ್ಕೂ ಅಷ್ಟು ಬುದ್ಧಿ ಬಂದಿದೆ, ಎಂದು ತೀರ್ಪು ಕೊಟ್ಟ.

ಬೇಗ ಹೂ ಬಿಡುವುದು ಒಂದು, ಒಳಗಿನ ಕಾವಲು ಇನ್ನೊಂದು ಎಂದು ಆಶ್ರಿತಾ ಅಂದು ಅಡುಗೆಮನೆಯಲ್ಲಿ ಕೂತು ವಿವರಿಸಿದಳು. ಪ್ರತಿ ಗಿಡದೊಳಗೂ ಅಪಾಯದ ಗಂಟೆ ಬಾರಿಸುವ ಒಬ್ಬನಿದ್ದಾನೆ. ತಂಪಿನ ದಿನಗಳಲ್ಲಿ ಕಾವಲುಗಾರರು ಅವನ ಕೈ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಾರೆ. ಸೆಕೆ ಏರಿ ಒಳಗಿನ ಸಾಮಾನೆಲ್ಲ ಕರಗಿ, ಮುದುಡಿ ಕೆಡಲು ಶುರುವಾದಾಗ ಕಾವಲುಗಾರರು ಅವನ್ನು ಸರಿಪಡಿಸಲು ಓಡುತ್ತಾರೆ. ಇವನ ಕೈ ಬಿಡುವಾಗುತ್ತದೆ, ಗಂಟೆ ಬಾರಿಸುತ್ತಾನೆ, ಇನ್ನಷ್ಟು ಕಾವಲುಗಾರರು ಹುಟ್ಟಿ ಬರುತ್ತಾರೆ. ಕೆಲಸ ಮುಗಿದ ಮೇಲೆ ಅವರೇ ಬಂದು ಮತ್ತೆ ಅವನ ಕೈ ಹಿಡಿಯುತ್ತಾರೆ. ಯಾರು ಯಾವಾಗ ಎಷ್ಟು ಗಂಟೆ ಬಾರಿಸುತ್ತಾರೆ ಎಂಬುದನ್ನು ನೋಡಲಿಕ್ಕೇ ತಾನು ಎಲೆಯ ಚೂರುಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಮಣಿಪಾಲಕ್ಕೆ ಒಯ್ಯುವುದು ಎಂದಳು. ಬರ್ತಾಳಿಗೆ ಕಥೆ ಇಷ್ಟವಾಯಿತು. ಅದರಲ್ಲಿ ಎಲೆ ಮುಖ್ಯ ಎಂಬುದೂ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಕೆಟ್ಟದ್ದು ಅಲ್ಲೇ.

ಏಳು ಗಿಡಗಳಿಂದ ಸಿಕ್ಕಿದ್ದು ತೊಂಬತ್ತೆರಡು ಗಟ್ಟಿ ಕಾಳು. ಹತ್ತನ್ನು ಪರೀಕ್ಷೆಗೆಂದು ಅರೆದದ್ದಾಯಿತು. ನಲವತ್ತೊಂದು ಕಾಳು ಮಣಿಪಾಲದ ಬಿಸಿಕೋಣೆಗೆ ಹೋದವು. ಬೇಕಾದಷ್ಟು ಸೆಕೆಯನ್ನು ಬೇಕಾದ ಹೊತ್ತಿಗೆ ಕೊಡುವ ಯಂತ್ರದ ಕೋಣೆ ಅದು. ಉಳಿದ ನಲವತ್ತೊಂದನ್ನು ಬರ್ತಾ ಮಳೆಗಾಲದ ಬೆಳೆಯ ಜೊತೆ ತನ್ನ ಗದ್ದೆಯ ನಡುವೆ ಸಾಲು ಹಿಡಿದು ನೆಟ್ಟಳು. ಮೂವತ್ತಮೂರು ಬದುಕಿದವು.

ಜೂನ್ ಕೊನೆಯ ಒಂದು ಶನಿವಾರ ಮಣಿಪಾಲದ ಆ ಕೋಣೆಯ ಉಷ್ಣತೆ ಅಳೆಯುವ ಕಡ್ಡಿ ಕೈಕೊಟ್ಟಿತು. ಯಂತ್ರ ತಂಪಾಗಿದೆ ಎಂದು ತಿಳಿದುಕೊಂಡು ಎರಡು ದಿನ ಬಿಸಿ ಊದುತ್ತಲೇ ಇತ್ತು. ಸೋಮವಾರ ಬಾಗಿಲು ತೆಗೆದಾಗ ಕುಂಡಗಳಲ್ಲಿ ಇದ್ದದ್ದು ಬೈಹುಲ್ಲು. ಆಶ್ರಿತಾ ಅಲ್ಲಿ ಯಾರ ಮುಂದೆಯೂ ಅಳಲಿಲ್ಲ. ಸೀದಾ ಬರ್ತಾಳ ಗದ್ದೆಗೆ ಬಂದು, ಮಳೆಯಲ್ಲಿ, ಕೊಡೆಯನ್ನು ಪಕ್ಕಕ್ಕಿಟ್ಟು ಅತ್ತಳು. ಬರ್ತಾ ಅವಳನ್ನು ಎಬ್ಬಿಸಿಕೊಂಡು ಬಂದು, ತಲೆ ಒರೆಸಿ, ಬಿಸಿ ಗಂಜಿಗೆ ಮಾವಿನ ಮಿಡಿ ಹಾಕಿ ಕೊಟ್ಟಳು. ಹುಡುಗಿ ತಿನ್ನುವಾಗ ಒಳಗೆ ಹೋಗಿ ಮೇರಿಮಾತೆಯ ಚಿತ್ರದ ಮುಂದೆ ಒಂದು ಹರಕೆ ಹೇಳಿಕೊಂಡಳು. ಈ ಮಗುವಿನ ಭತ್ತ ಕಾಳು ಕಟ್ಟಲಿ, ಅದರ ಮೊದಲ ತೆನೆ ನಿನ್ನದು. ಹರಕೆಯನ್ನು ಊರಿಗೆಲ್ಲ ಹೇಳಬಾರದೆಂದು ಆಶ್ರಿತಾಳಿಗೂ ಹೇಳಲಿಲ್ಲ.

ಸೆಪ್ಟೆಂಬರ್ ಎಂಟರಂದು ಮೊಂತಿ ಹಬ್ಬ. ಮೇರಿಮಾತೆಯ ಹುಟ್ಟುಹಬ್ಬ, ಜೊತೆಗೆ ಹೊಸ ತೆನೆಯ ಹಬ್ಬ. ಬೆಳಿಗ್ಗೆ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಮಧ್ಯಾಹ್ನ ಅದರ ಕಾಳು ಸುಲಿದು, ಅರೆದು, ತೆಂಗಿನ ಹಾಲಿಗೆ ಹಾಕಿ ಮನೆಮಂದಿಯೆಲ್ಲ ಕುಡಿದ ಮೇಲೆಯೇ ಬಾಳೆಲೆಯ ಊಟ. ದೂರದಲ್ಲಿರುವವರಿಗೆ ಒಂದೆರಡು ಕಾಳನ್ನು ಕವರಿನಲ್ಲಿ ಹಾಕಿ ಅಂಚೆಗೆ ಕೊಡುವುದೂ ಉಂಟು. ಆ ವರ್ಷ ಚೌತಿ ಶನಿವಾರ ಬಂದಿತ್ತು, ಮೊಂತಿ ಹಬ್ಬ ಮರುದಿನ ಭಾನುವಾರ. ಆಶ್ರಿತಾ ಚೌತಿಗೆಂದು ಮನೆಯಲ್ಲಿದ್ದಳು. ಹನ್ನೆರಡನೇ ತಾರೀಕಿಗೆ ಬಂದು ಕೊಯ್ಯುವಾ ಬಾಯಿ ಎಂದು ಹೇಳಿ ಹೋಗಿದ್ದಳು.

ಶನಿವಾರ ಬೆಳಿಗ್ಗೆ ಡೆನಿಸ್ ಓಡಿಬಂದ. ಅವನು ಆ ವಾರ್ಡಿನ ಮುಖಂಡ, ಇಗರ್ಜಿಯ ಮಾತಿನಲ್ಲಿ ಗುರ್ಕಾರ. ಪ್ರತಿ ವರ್ಷ ತೆನೆ ಕೊಡುವ ಗದ್ದೆಯಲ್ಲಿ ಆಗಸ್ಟ್ ಕೊನೆಯ ಮಳೆಗೆ ನೆರೆ ನಿಂತು ಎಲ್ಲ ಕೊಳೆತಿತ್ತು. ಬೇರೆ ಕಡೆ ನೋಡಿದರೆ ಇನ್ನೂ ಹಸಿರು. ನೂರ ಮೂವತ್ತೆರಡು ಕುಟುಂಬಗಳಿಗೆ ನಾಳೆ ಏನು ಹಂಚುವುದು? ಎಲ್ಲಿಯೂ ಹಣ್ಣಾದ ತೆನೆ ಇಲ್ಲ ಎಂದು ಅವನು ಹೇಳುತ್ತಿರುವಾಗಲೇ ಬರ್ತಾಳ ಕಣ್ಣು ಗದ್ದೆಯ ನಡುವಿನ ಮೂವತ್ತಮೂರು ಗಿಡಗಳ ಮೇಲೆ ಹೋಯಿತು. ಹಸಿರಿನ ಮಧ್ಯೆ ಕೆಂಪಾಗಿ ತಲೆ ಬಾಗಿಸಿ ನಿಂತಿದ್ದವು. ಅವಳ ಮೈ ಜುಮ್ಮೆಂದಿತು. ತಾನು ಕೇಳಿದ್ದು ಒಂದು ಹಿಡಿ, ಮಾತೆ ಇಡೀ ಊರಿಗೇ ಕೇಳುತ್ತಿದ್ದಾಳೆ, ಬೇಡ ಎನ್ನಲು ತಾನು ಯಾರು?

ಒಂದು ಕಾಳನ್ನು ಉಗುರಿನಿಂದ ಒತ್ತಿ ನೋಡಿದಳು. ಗಟ್ಟಿಯಾಗಿತ್ತು. ಹಣ್ಣಾದ ಭತ್ತ ಯಾವುದೆಂದು ತಿಳಿಯಲು ಅವಳಿಗೆ ಪಿಎಚ್.ಡಿ. ಬೇಕಿರಲಿಲ್ಲ. ಹನ್ನೆರಡು ಎಂದು ಹುಡುಗಿ ಹೇಳಿದ್ದು ರಜೆಯ ಲೆಕ್ಕದಲ್ಲಿರಬೇಕು ಎಂದುಕೊಂಡಳು. ಎಲೆಯನ್ನಂತೂ ಮೂರು ತಿಂಗಳಿಂದ ಐಸಿನಲ್ಲಿಟ್ಟು ಒಯ್ದಿದ್ದಾಳೆ. ಗಿಡ ಕೀಳುವುದು ಬೇಡ, ತಡವಾಗಿ ಹೊರಟ ಹಸಿರು ತೆನೆಗಳೂ ಅವಳಿಗಿರಲಿ. ನೆರೆಮನೆಯ ಗ್ಲ್ಯಾಡಿಸಳನ್ನು ಕರೆದು, ಇಬ್ಬರೂ ಸೇರಿ, ಹಾಡು ಹೇಳಿಕೊಂಡು, ಹಣ್ಣಾದ ನೂರೈವತ್ತು ತೆನೆಗಳನ್ನು ಒಂದೂ ಬಿಡದೆ ಕೊಯ್ದರು.

ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪಾದ್ರಿಗಳು ಬರ್ತಾಳ ಹೆಸರು ಹೇಳಿ ವಂದಿಸಿದರು. ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪೂಜೆ ಮುಗಿದು, ತೆನೆ ಹಂಚಿ, ಮಿಕ್ಕವನ್ನು ಹಬ್ಬಕ್ಕೆ ಬಂದ ಪರವೂರಿನವರಿಗೆ ಕೊಟ್ಟಾದ ಮೇಲೆ, ಮಾತೆಯ ಮೂರ್ತಿಯ ಪಕ್ಕ ಕೆಂಪು ತೆನೆಗಳಿದ್ದ ಫೋಟೋ ಒಂದನ್ನು ಆಶ್ರಿತಾಳಿಗೆ ಕಳಿಸಿದಳು. ನಿನ್ನ ಭತ್ತ ನೋಡು, ಇನ್ನು ನಿನಗೆ ಯಾವ ಕಷ್ಟವೂ ಬರುವುದಿಲ್ಲ ಎಂದು ಕನ್ನಡದಲ್ಲಿ ಬರೆದದ್ದೂ ಆಯಿತು. ಮನೆಗೆ ಬಂದು ಸೀರೆ ಬದಲಿಸುವಷ್ಟರಲ್ಲಿ ಫೋನ್ ಬಂತು.

ಆಶ್ರಿತಾ ಮೆಲ್ಲಗೆ ಕೇಳಿದಳು, “ಬಾಯಿ, ಎಲ್ಲ ಕೊಯ್ದದ್ದಾ? ಒಂದೂ ಇಲ್ವಾ?”

“ಹಸಿರು ಉಂಟು ಮಗಾ.”

“ಹಸಿರಿನ ಒಳಗೆ ಹಾಲು ಮಾತ್ರ ಇರುವುದು ಬಾಯಿ, ಅಷ್ಟು ತಡವಾಗಿ ಬಂದದ್ದು ಹೆಚ್ಚಾಗಿ ಜಳ್ಳೇ, ಬೀಜ ಆಗುವುದಿಲ್ಲ. ಆ ಬೀಜ ಬಿಟ್ಟರೆ ನನ್ನ ಹತ್ರ ಬೇರೆ ಎಂತ ಇಲ್ಲ. ಎಲ್ಲಿಯೂ ಇಲ್ಲ.” ಹೀಗೆ ಹೇಳಿ, ಈಗ ಹೊರಡುತ್ತೇನೆ ಎಂದು ಫೋನ್ ಇಟ್ಟಳು.

ಬರ್ತಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಬೈದಿದ್ದರೆ ಸಹಿಸಬಹುದಿತ್ತು. ಹುಡುಗಿಯ ಮೂರು ವರ್ಷ, ತನ್ನ ತವರಿನ ಮೂವತ್ತೈದು ವರ್ಷ, ಆ ಸೆಕೆಯಲ್ಲಿ ಬದುಕಿ ಉಳಿದ ಏಳು ಗಿಡಗಳ ವಂಶ, ಎಲ್ಲವನ್ನೂ ಒಂದು ಬೆಳಗಿನಲ್ಲಿ ಹಾಡು ಹೇಳುತ್ತ ಕೊಯ್ದು ಹಂಚಿದವಳು ತಾನು. ಮನೆಯಲ್ಲಿ ಉಳಿದದ್ದು ತನ್ನ ಪಾಲಿನ ಒಂದೇ ತೆನೆ. ಗಂಟೆ ಹತ್ತೂಕಾಲು. ಹನ್ನೆರಡೂವರೆ ಹೊತ್ತಿಗೆ ನೂರ ಮೂವತ್ತೆರಡು ಮನೆಗಳಲ್ಲಿ ಕಾಳು ಸುಲಿದು ಅರೆಯುತ್ತಾರೆ. ಒಮ್ಮೆ ಅರೆದರೆ ಮುಗಿಯಿತು. ದೇವರಿಗೇ ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದು ಹೇಗೆ? ಅಂಥದ್ದನ್ನು ಅವಳ ಏಳು ತಲೆಮಾರಿನಲ್ಲಿ ಯಾರೂ ಮಾಡಿರಲಿಲ್ಲ.

ಮನೆ ಮನೆಗೆ ಓಡಲು ಹೊತ್ತಿಲ್ಲ, ಇಗರ್ಜಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳು ಎಂದು ಲಿಯೋನೆಲ್ ಬೀಸಣಿಗೆ ಕೆಳಗಿಟ್ಟು ಹೇಳಿದ. ಅವನ ಜೀವಮಾನದಲ್ಲಿ ಗದ್ದೆಯ ವಿಷಯವಾಗಿ ಕೊಟ್ಟ ಉಪಯೋಗದ ಅಭಿಪ್ರಾಯ ಅದೊಂದೇ ಇರಬೇಕು. ಬರ್ತಾ ಮೊದಲು ಪಾದ್ರಿಗಳಿಗೆ ಫೋನ್ ಮಾಡಿದಳು. ಅವರು ಎಲ್ಲವನ್ನೂ ಕೇಳಿ, ತಾವು ಆಶೀರ್ವಾದ ಮಾಡಿದ್ದು ಭತ್ತಕ್ಕೆ, ಪಾಯಸಕ್ಕಲ್ಲ, ಧೈರ್ಯವಾಗಿ ಕೇಳು ಎಂದರು. ಅವಳು ಫೋನನ್ನು ಬಾಯಿಯ ಹತ್ತಿರ ಹಿಡಿದು ಕೊಂಕಣಿಯಲ್ಲಿ ಮಾತಾಡಿದಳು. ಕನ್ನಡದಲ್ಲಿ ಅದು ಹೀಗೆ:

“ನಾನು ಬರ್ತಾ ಮಾತಾಡುವುದು. ಇವತ್ತು ನಿಮ್ಮ ಮನೆಗೆ ಬಂದ ತೆನೆ ನನ್ನದಲ್ಲ, ಒಬ್ಬಳು ಹುಡುಗಿಯದ್ದು. ಅವಳನ್ನು ಕೇಳದೆ ನಾನು ಕೊಯ್ದೆ. ತಪ್ಪು ನನ್ನದು. ಕಳೆದ ಬೇಸಿಗೆಯಲ್ಲಿ ನಿಮ್ಮ ಗದ್ದೆ, ನನ್ನ ಗದ್ದೆ ಎಲ್ಲ ಜಳ್ಳಾದಾಗ ಕಾಳು ಕಟ್ಟಿದ್ದು ಈ ಭತ್ತ ಮಾತ್ರ. ಇದರ ಬೀಜ ಬೇರೆ ಎಲ್ಲಿಯೂ ಇಲ್ಲ, ನಿಮ್ಮ ದೇವರ ಪೀಠದ ಮೇಲೆ ಮಾತ್ರ ಉಂಟು. ಒಂದು ಕಾಳು ನಿಮ್ಮ ಹಾಲಿಗೆ ಹಾಕಿ. ಉಳಿದದ್ದನ್ನು ಅರೆಯಬೇಡಿ, ನನಗೆ ವಾಪಸು ಕೊಡಿ. ನಾನು ಬೇಡುತ್ತಿದ್ದೇನೆ ಅಂತ ತಿಳಿದುಕೊಳ್ಳಿ.”

ಕಳಿಸಿದ ಎರಡು ನಿಮಿಷದಲ್ಲಿ ಉತ್ತರ ಬಂತು, ರೊಸಾರಿಯೊನದು. ಎಂಬತ್ತು ದಾಟಿದ ಅವನು ಊರಿನ ಮಕ್ಕಳಿಗೆಲ್ಲ ಧರ್ಮಪಾಠ ಹೇಳಿಕೊಟ್ಟವನು; ಅವನ ಮಾತನ್ನು ಮೀರುವವರು ಕಡಿಮೆ. ದೇವರಿಗೆ ಕೊಟ್ಟದ್ದನ್ನು ವಾಪಸು ಕೇಳುವ ಕ್ರಮ ನಮ್ಮಲ್ಲಿ ಇಲ್ಲ ಎಂದು ಬರೆದಿದ್ದ. ಅಷ್ಟೇ. ಅದರ ಕೆಳಗೆ ಯಾರೂ ಏನೂ ಬರೆಯಲಿಲ್ಲ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಬರ್ತಾ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದಳು.

ಆಶ್ರಿತಾ ಬಂದಾಗ ಹನ್ನೊಂದು. ಅವಳು ಮನೆಯೊಳಗೆ ಬರದೆ ಮೊದಲು ಗದ್ದೆಗೆ ಹೋಗಿ ಹಣ್ಣಾದ ತೆನೆಯಿಲ್ಲದ ಗಿಡಗಳ ನಡುವೆ ನಿಂತಳು. ಬರ್ತಾ ಹತ್ತಿರ ಹೋಗಿ ಕ್ಷಮೆ ಕೇಳಲು ಹೊರಟಳು. ಅದಕ್ಕೂ ಮೊದಲೇ ಆಶ್ರಿತಾ ಮಾತಾಡಿದಳು. ಎಲೆ ಒಯ್ಯುವುದನ್ನು ದಿನಾ ತೋರಿಸಿದೆ, ಬೀಜವೇ ಎಲ್ಲಕ್ಕಿಂತ ಮುಖ್ಯ ಎಂದು ಒಂದು ದಿನವೂ ಹೇಳಲಿಲ್ಲ, ನಿಮಗೆ ಗೊತ್ತಿರುತ್ತದೆ ಎಂದುಕೊಂಡೆ ಎಂದಳು. ತಪ್ಪನ್ನು ಹೀಗೆ ಅರ್ಧ ಹೊತ್ತುಕೊಳ್ಳುವವರು ಸಿಕ್ಕಿದರೆ ಉಳಿದರ್ಧದ ಭಾರ ಕಡಿಮೆಯಾಗಬೇಕು. ಬರ್ತಾಳಿಗೆ ಅದು ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ಗ್ಲ್ಯಾಡಿಸ್ ಬೇಲಿ ದಾಟಿ ಬಂದಳು. ಅಂಗೈಯಲ್ಲಿ ಒಂದು ಸ್ಟೀಲ್ ಲೋಟ, ಅದರಲ್ಲಿ ಸುಲಿಯದ ಕಾಳು. ಒಂದನ್ನು ಹಾಲಿಗೆ ಹಾಕಿದ್ದೇನೆ, ಉಳಿದದ್ದೆಲ್ಲ ಇಲ್ಲಿದೆ ಎಂದಳು. ಮಸ್ಕತ್ತಿನಲ್ಲಿರುವ ಮಗ ಶೆಲ್ಡನ್‌ಗೆಂದು ಕವರಿನಲ್ಲಿ ಹಾಕಿಟ್ಟ ಎರಡು ಕಾಳನ್ನೂ ಬಿಡಿಸಿ ತಂದಿದ್ದಳು. ಅವನಿಗೆ ಮುಂದಿನ ವರ್ಷ ಕಳಿಸಿದರಾಯಿತು, ಅವನು ಹೇಗೂ ಅದನ್ನು ಪರ್ಸಿನಲ್ಲಿಟ್ಟು ಮರೆಯುವವನು ಎಂದಳು. ಹೇಳುವಾಗ ನಕ್ಕಳು, ಆದರೆ ಆ ಕವರಿನ ಮೇಲೆ ವಿಳಾಸ ಬರೆದು ಅಂಚೆಚೀಟಿಯನ್ನೂ ಅಂಟಿಸಿಯಾಗಿತ್ತು.

ಆಮೇಲೆ ಸ್ಕೂಟರುಗಳು ಬರತೊಡಗಿದವು. ಯಾರೂ ಗುಂಪಿನಲ್ಲಿ ಉತ್ತರ ಬರೆಯದಿದ್ದದ್ದು ಹೊರಡುವ ಗಡಿಬಿಡಿಯಲ್ಲಿ ಎಂದು ಆಗ ತಿಳಿಯಿತು. ರೊಸಾರಿಯೊನ ಮಾತಿನ ಕೆಳಗೆ ಏನಾದರೂ ಬರೆಯುವ ಧೈರ್ಯ ಇರಲಿಲ್ಲ ಎಂಬುದೂ ಒಂದು ಕಾರಣ. ಡೆನಿಸ್ ತನ್ನ ವಾರ್ಡಿನ ಹದಿನೈದು ಮನೆಗಳನ್ನು ತಾನೇ ಸುತ್ತಿ, ಮನೆಯ ಹೆಸರನ್ನು ಬರೆದ ಕಾಗದದ ಪೊಟ್ಟಣಗಳನ್ನು ಹೆಲ್ಮೆಟ್ಟಿನಲ್ಲಿ ಹಾಕಿಕೊಂಡು ತಂದ. ಆ ಹೆಸರು ಬರೆಯುವ ಕ್ರಮ ಉಳಿದವರಿಗೂ ಹಿಡಿಸಿತು. ಒಬ್ಬಳು ಮಗಳ ಕಂಪಾಸ್ ಪೆಟ್ಟಿಗೆಯಲ್ಲಿ ತಂದಳು, ಇನ್ನೊಬ್ಬರು ಮಾತ್ರೆಯ ಡಬ್ಬಿಯಲ್ಲಿ. ಕೆಲವರು ತೆನೆಯನ್ನು ಮುಟ್ಟದೆ ಹಾಗೆಯೇ ತಂದು, ಒಂದು ಕಾಳನ್ನು ನೀವೇ ತೆಗೆದುಕೊಡಿ, ಒಳ್ಳೆಯದು ಬೀಜಕ್ಕಿರಲಿ ಎಂದರು. ಅರೆದಾಗಿದೆ, ತಡವಾಯಿತು ಎಂದು ಹೇಳಲಿಕ್ಕೆಂದೇ ಬಂದ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಅವಳಿಗೆ ಆಶ್ರಿತಾಳೇ ಸಮಾಧಾನ ಹೇಳಬೇಕಾಯಿತು. ಬಂದವರಲ್ಲಿ ಹೆಚ್ಚಿನವರಿಗೆ ಈ ಹುಡುಗಿ ಯಾರೆಂದು ಗೊತ್ತಿರಲಿಲ್ಲ. ಜಳ್ಳಾದ ಗದ್ದೆ ಮಾತ್ರ ಎಲ್ಲರಿಗೂ ಗೊತ್ತಿತ್ತು.

ಮೂರು ಗಂಟೆಗೆ, ಊಟ ಮುಗಿಸಿ, ಕೋಲೂರಿಕೊಂಡು ರೊಸಾರಿಯೊ ಬಂದ. ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ. ಒಳಗೆ ಇಡೀ ತೆನೆ.

“ಕೇಳುವ ಕ್ರಮ ಇಲ್ಲ ಅಂತ ನಾನು ಹೇಳಿದ್ದು,” ಎಂದ. “ಕೊಡುವ ಕ್ರಮ ಇಲ್ಲ ಅಂತ ಹೇಳಲಿಲ್ಲ. ನೀವು ಸರಿಯಾಗಿ ಓದುವುದಿಲ್ಲ.”

ಬರ್ತಾ ಅವನಿಗೆ ಕುರ್ಚಿ ಕೊಟ್ಟು, ಕಣ್ಣೀರು ಕಾಣದಿರಲೆಂದು ಮುಖ ತಿರುಗಿಸಿಕೊಂಡಳು. ಅವನು ಕೂತು ಎರಡು ಲೋಟ ಪಾಯಸ ಕುಡಿದ. ಸಿಹಿ ಕಡಿಮೆ ಎಂದು ಹೇಳಿಯೂ ಹೋದ.

ಸಂಜೆ ಐದರ ಹೊತ್ತಿಗೆ ಬಂದ ಮನೆಗಳು ನೂರ ಹದಿನೆಂಟು. ಜಗಲಿಯ ತುಂಬ ಪೊಟ್ಟಣ ಹರಡಿ ಕೂತಿದ್ದ ಆಶ್ರಿತಾ ಆಗ ಒಂದು ವಿಷಯ ಹೇಳಿದಳು. ಹನ್ನೆರಡಕ್ಕೆ ಕೊಯ್ಯುವುದೆಂದು ಹೇಳಿದ್ದು ರಜೆಯ ಲೆಕ್ಕದಲ್ಲಿ ಅಲ್ಲ. ಕಾಳು ಬಲಿತ ಮೇಲೆಯೂ ತಾಯಿಗಿಡದ ಕೆಲಸ ಮುಗಿಯುವುದಿಲ್ಲ. ಕಾಳು ಒಣಗುತ್ತ ಬರುವ ಕೊನೆಯ ದಿನಗಳಲ್ಲಿ, ಹೊರಗೆ ಎಷ್ಟೇ ತಂಪಿರಲಿ, ಸೆಕೆಗೆಂದು ಹುಟ್ಟಿಸುವ ಅದೇ ಕಾವಲುಗಾರರನ್ನು ಗಿಡ ಬೀಜದೊಳಗೆ ತುಂಬಿಸುತ್ತದೆ. ಒಣಗುವುದೂ ಬೀಜಕ್ಕೆ ಒಂದು ಸೆಕೆಯೇ. ಕಾವಲು ಇಲ್ಲದೆ ಒಣಗಿದ ಬೀಜ ನೋಡಲು ಚೆನ್ನಾಗಿರುತ್ತದೆ, ಮಣ್ಣಿಗೆ ಹಾಕಿದರೆ ಏಳುವುದಿಲ್ಲ. ಇವು ಐದು ದಿನ ಮೊದಲೇ ಕೊಯ್ದವು. ಎಷ್ಟು ಏಳುತ್ತವೆ ಎಂದು ಈಗ ಹೇಳಲಾರೆ ಎಂದಳು. ಮೂವತ್ತೈದು ವರ್ಷ ಭತ್ತ ಬೆಳೆದ ಬರ್ತಾ ಅದನ್ನು ಪಾಠ ಒಪ್ಪಿಸುವ ಮಗುವಿನಂತೆ ತಲೆ ತಗ್ಗಿಸಿ ಕೇಳಿದಳು.

ಹೊಸ ಭತ್ತಕ್ಕೆ ನಿದ್ದೆ ಜಾಸ್ತಿ, ಕೂಡಲೇ ಮೊಳೆಯುವುದಿಲ್ಲ. ಮೂರು ನಾಲ್ಕು ವಾರ ಕಾಯಬೇಕಿತ್ತು. ಆ ದಿನಗಳಲ್ಲಿ ಬರ್ತಾ ಗದ್ದೆಗೆ ಹೋದರೂ ನಡುವಿನ ಆ ಸಾಲನ್ನು ನೋಡುತ್ತಿರಲಿಲ್ಲ. ಊರಿನವರು ಎದುರು ಸಿಕ್ಕಾಗ ಬೀಜ ಎದ್ದಿತಾ ಎಂದೇ ಕೇಳುತ್ತಿದ್ದರು. ಕೊಟ್ಟ ಕಾಳುಗಳಿಗೆ ಎಲ್ಲರೂ ಪಾಲುದಾರರಾಗಿಬಿಟ್ಟಿದ್ದರು. ಅವಳು ರಾತ್ರಿಯ ಪ್ರಾರ್ಥನೆಯಲ್ಲಿ ಈಗ ಏನನ್ನೂ ಬೇಡುತ್ತಿರಲಿಲ್ಲ. ಬೇಡಿಕೆಯ ಬಗ್ಗೆ ಅವಳಿಗೆ ಸ್ವಲ್ಪ ಹೆದರಿಕೆ ಬಂದಿತ್ತು. ನೂರ ಹದಿನೆಂಟು ಮನೆಗಳ ಹೆಸರನ್ನು ಒಂದೊಂದಾಗಿ ನೆನೆದು ಕೃತಜ್ಞತೆ ಹೇಳುತ್ತಿದ್ದಳು, ಮೂವತ್ತು ದಾಟುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದಳು.

ಅಕ್ಟೋಬರ್ ಮೊದಲ ವಾರ ಆಶ್ರಿತಾ ಫೋನ್ ಮಾಡಿ ಮಣಿಪಾಲಕ್ಕೆ ಬರಲು ಹೇಳಿದಳು. ಏನಾಯಿತೆಂದು ಹೇಳಲಿಲ್ಲ. ಬರ್ತಾ ಹಬ್ಬದ ಸೀರೆ ಉಟ್ಟು ಕಾಪುವಿನಲ್ಲಿ ಬಸ್ ಹತ್ತಿ, ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು ಗುಡ್ಡ ಹತ್ತಿದಳು. ಆಸ್ಪತ್ರೆಗಲ್ಲದೆ ಅವಳು ಮಣಿಪಾಲಕ್ಕೆ ಬಂದದ್ದು ಇದೇ ಮೊದಲು. ಪ್ರಯೋಗಾಲಯದ ಬಾಗಿಲಲ್ಲಿ ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿಸಿದರು. ಗದ್ದೆಯವಳ ಕಾಲನ್ನು ಇಷ್ಟು ಗೌರವದಿಂದ ಯಾರೂ ಮುಚ್ಚಿರಲಿಲ್ಲ ಎಂದು ಅವಳಿಗೆ ಒಳಗೊಳಗೇ ನಗು ಬಂತು.

ಉದ್ದದ ಮೇಜಿನ ಮೇಲೆ ಗಾಜಿನ ತಟ್ಟೆಗಳು. ಒದ್ದೆ ಕಾಗದದ ಮೇಲೆ ಕಾಳುಗಳು, ಕಾಳಿನ ತುದಿಯಲ್ಲಿ ಬಿಳಿ ಬೇರು, ಅದರ ಪಕ್ಕ ಸೂಜಿಯಷ್ಟು ಹಸಿರು. ಎಲ್ಲವೂ ಅಲ್ಲ. ಹತ್ತರಲ್ಲಿ ಮೂರು ಸುಮ್ಮನೆ ಮಲಗಿದ್ದವು. ಏಳು ಎದ್ದಿದ್ದವು. ಬರ್ತಾ ಬಗ್ಗಿ ನೋಡಿದಳು. ಪ್ರತಿ ತಟ್ಟೆಗೂ ಒಂದು ಚೀಟಿ, ಚೀಟಿಯ ಮೇಲೆ ಕನ್ನಡದಲ್ಲಿ ಹೆಸರು. ಗ್ಲ್ಯಾಡಿಸ್. ಡೆನಿಸ್. ರೊಸಾರಿಯೊ. ಯಾವ ಕಾಳು ಯಾವ ಗಿಡದ್ದೆಂದು ತಿಳಿಯುವ ದಾರಿ ಹೋಗಿತ್ತು. ಒಂದೊಂದು ಮನೆಗೆ ಹೋದದ್ದು ಒಂದೊಂದೇ ತೆನೆಯಾದ್ದರಿಂದ ಇನ್ನು ಮುಂದೆ ಮನೆಯ ಹೆಸರೇ ವಂಶದ ಹೆಸರು ಎಂದು ಆಶ್ರಿತಾ ಹೇಳಿದಳು. ತನ್ನ ಗೈಡ್ ಮೊದಲು ನಕ್ಕರಂತೆ, ಆಮೇಲೆ ಹಾಗೆಯೇ ಬರೆಯಲು ಒಪ್ಪಿದರಂತೆ.

ಬರ್ತಾ ಆ ಹೆಸರುಗಳನ್ನು ಓದುತ್ತ ಮೇಜಿನ ಕೊನೆಯವರೆಗೆ ಹೋದಳು, ಓದುತ್ತ ವಾಪಸು ಬಂದಳು. ಅವಳಿಗೆ ಇನ್ನು ಮನೆಗೆ ಹೋದರೆ ಸಾಕಿತ್ತು. ಬೀಜ ಬದುಕಿತು, ಅಷ್ಟೇ ಬೇಕಾದದ್ದು. ಹುಡುಗಿ ಇನ್ನು ತನ್ನ ಅಡುಗೆಮನೆಗೆ ಬರಲಿಕ್ಕಿಲ್ಲ, ಅದೂ ನ್ಯಾಯವೇ ಎಂದು ಬಸ್ಸಿನಲ್ಲಿಯೇ ಮನಸ್ಸನ್ನು ಗಟ್ಟಿಮಾಡಿಕೊಂಡು ಬಂದಿದ್ದಳು.

ಆಶ್ರಿತಾ ಕಪಾಟಿನಿಂದ ಒಂದು ಬಟ್ಟೆಯ ಚೀಲ ತೆಗೆದು ಅವಳ ಕೈಯಲ್ಲಿಟ್ಟಳು. ಒಳಗೆ ಪೊಟ್ಟಣಗಳು. ಪ್ರತಿ ಮನೆಯ ಬೀಜದಲ್ಲಿ ಅರ್ಧ.

“ಕೊಳಕೆಗೆ ಹಾಕ್ಲಿಕ್ಕೆ,” ಎಂದಳು. “ನಿಮ್ಮ ಗದ್ದೆಯಲ್ಲಿ.”

ಬರ್ತಾ ಚೀಲವನ್ನು ಬಿಸಿ ಪಾತ್ರೆಯ ಹಾಗೆ ಮೇಜಿನ ಮೇಲಿಟ್ಟಳು. “ಬೇಡ ಮಗಾ. ನನ್ನ ಕೈಗೆ ಕೊಡಬೇಡ. ಇಲ್ಲಿಯೇ ಬೀಗ ಹಾಕಿ ಇಡು. ನನ್ನನ್ನು ನಂಬುವುದು ಬೇಡ.”

“ಬೀಗ ಹಾಕಿ ಇಟ್ಟದ್ದು ಸತ್ತು ಹೋಯ್ತಲ್ವಾ ಬಾಯಿ,” ಎಂದಳು ಆಶ್ರಿತಾ. “ನೀವು ಹಂಚಿದ್ದು ವಾಪಸು ಬಂತು. ನೂರ ಹದಿನೆಂಟು ಮನೆಯವರು ತಂದುಕೊಟ್ಟರು. ನಾನು ಯಾರನ್ನು ನಂಬಬೇಕು, ನೀವೇ ಹೇಳಿ.”

ಜೂನ್ ತಿಂಗಳಲ್ಲಿ ಈ ಹುಡುಗಿ ಅತ್ತ ಹಾಗೆ, ಸುತ್ತ ಯಾರಿದ್ದಾರೆಂದು ನೋಡದೆ, ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡೇ ಬರ್ತಾ ಅತ್ತಳು. ಆಶ್ರಿತಾ ಪಕ್ಕದಲ್ಲಿ ನಿಂತಳು. ಅಳು ನಿಂತ ಮೇಲೆ, ಮೂಗು ಒರೆಸಿಕೊಂಡು, ಮುಂದಿನ ಮೊಂತಿ ಹಬ್ಬಕ್ಕೆ ಏನು ಮಾಡುವುದು ಎಂದು ಬರ್ತಾ ಕೇಳಿದಳು. ಮುಂದಿನ ಮಳೆಗಾಲದಲ್ಲಿ ಇಗರ್ಜಿಗೆಂದೇ ಬೇರೆ ಸಾಲು ಹಾಕುವಾ, ನೂರ ಮೂವತ್ತೆರಡು ಮನೆಗಳಿಗೆ ಸಾಕಾಗುವಷ್ಟು, ಅದನ್ನು ಕೊಯ್ಯಲು ನಾನೂ ಬರುತ್ತೇನೆ ಎಂದಳು ಆಶ್ರಿತಾ. ಆದರೆ ಯಾವ ದಿನ ಕೊಯ್ಯುವುದು ಎಂದು ಇಬ್ಬರೂ ಸೇರಿ ಮೊದಲೇ ಮಾತಾಡಿಕೊಳ್ಳಬೇಕು, ಅದೊಂದು ಷರತ್ತು.

ಬರ್ತಾ ಷರತ್ತಿಗೆ ಒಪ್ಪಿದಳು. ಚೀಲವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಗುಡ್ಡ ಇಳಿದಳು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅದನ್ನು ಪಕ್ಕದಲ್ಲಿಡದೆ, ಕಾಪು ಬರುವವರೆಗೆ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು.